ವಿದ್ಯಾರ್ಥಿವೇತನವೆಂಬ ದಾರಿಬುತ್ತಿ



‘ವಿದ್ಯಾರ್ಥಿವೇತನ’ವೆಂಬ ಶಬ್ದವನ್ನು ನಾವು ನಿತ್ಯವೂ ಬಳಸುತ್ತೇವೆ, ಆದರೆ ಅದರ ಅರ್ಥವನ್ನು ಕುರಿತು ಆಲೋಚಿಸುವವರು ವಿರಳ. ವೇತನವೆಂದರೆ ದುಡಿದವನಿಗೆ ಸಲ್ಲತಕ್ಕ ಸಂಬಳ. ಈ ಮುಂಬಯಿ ನಗರದ ನಮ್ಮ ಮರಾಠಿ ಬಂಧುಗಳು ಅದನ್ನೇ ‘ಶಿಷ್ಯವೃತ್ತಿ’ಯೆಂದು ಕರೆಯುತ್ತಾರೆ, ವೃತ್ತಿಯೆಂದರೆ ಜೀವನೋಪಾಯ. ಓದುವುದೂ ಒಂದು ದುಡಿಮೆಯೇ, ಆ ದುಡಿಮೆಯಲ್ಲಿ ತೊಡಗಿದವನ ಹೊಟ್ಟೆಬಟ್ಟೆಯ ಭಾರವನ್ನು ಸಮಾಜವು ಹೊರಬೇಕು ಎಂಬ ಭಾವನೆ ಈ ಎರಡು ಹೆಸರುಗಳಲ್ಲಿಯೂ ಅಡಗಿದೆ.

ಹೀಗಿದ್ದರೂ ನಮ್ಮ ಮನೆಗಳಲ್ಲಿ ಈ ವಿಷಯವಾಗಿ ಎರಡು ತಪ್ಪು ತಿಳಿವಳಿಕೆಗಳು ಬೇರೂರಿವೆ. ಕೆಲವರು ಅದನ್ನು ಬಡವರಿಗೆ ಕೊಡುವ ಭಿಕ್ಷೆಯೆಂದು ಎಣಿಸುತ್ತಾರೆ. ಅಂಥವರ ಮಕ್ಕಳು ಅರ್ಜಿಯ ಮೇಲೆ ತಂದೆಯ ಆದಾಯವನ್ನು ಬರೆಯಲು ನಾಚುತ್ತಾರೆ. ಮತ್ತೆ ಕೆಲವರು ಅದನ್ನು ಗೆದ್ದವರ ಕೊರಳಿಗೆ ಹಾಕುವ ಮಾಲೆಯೆಂದು ಎಣಿಸುತ್ತಾರೆ. ಅಂಥವರ ಮಕ್ಕಳು ‘ಅದು ಮೊದಲನೆಯ ಸ್ಥಾನದಲ್ಲಿ ಬರುವವರಿಗೆ, ನಮಗಲ್ಲ’ ಎಂದು ದೂರ ಸರಿಯುತ್ತಾರೆ. ನಾಚಿಕೆಯಿಂದಲೋ ಅಂಜಿಕೆಯಿಂದಲೋ ಅರ್ಜಿ ಹಾಕದೆ ಉಳಿದವರ ಪಾಲಿಗೆ ಫಲ ಒಂದೇ. ನನ್ನ ಮಟ್ಟಿಗೆ ಹೇಳುವುದಾದರೆ, ವಿದ್ಯಾರ್ಥಿವೇತನವು ದೂರದ ದಾರಿಗೆ ಹೊರಟವನ ಕೈಗೆ ಮನೆಯವರು ಕಟ್ಟಿಕೊಡುವ ಬುತ್ತಿ. ಬುತ್ತಿಯನ್ನು ಕೈಗೆತ್ತಿಕೊಳ್ಳಲು ಯಾರೂ ನಾಚುವುದಿಲ್ಲ. ಬುತ್ತಿ ದೊರೆತುದರಿಂದಲೇ ಊರು ಮುಟ್ಟಿದೆನೆಂದು ಯಾರೂ ಬೀಗುವುದೂ ಇಲ್ಲ.

ಈ ಮಾತು ಎಲ್ಲ ವಿದ್ಯೆಗಳಿಗೂ ಸಲ್ಲುತ್ತದೆಯಾದರೂ ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರಗಳಿಗೆ ವಿಶೇಷವಾಗಿ ಸಲ್ಲುತ್ತದೆ. ಲೆಕ್ಕಪತ್ರದ ವಿದ್ಯೆಯನ್ನೋ ಎಂಜಿನಿಯರಿಂಗನ್ನೋ ಕಲಿತವನಿಗೆ ಉದ್ಯೋಗದ ಬಾಗಿಲು ಎದುರಿಗೇ ಕಾಣುತ್ತದೆ. ಭೌತಶಾಸ್ತ್ರವನ್ನು ಆರಿಸಿಕೊಂಡವನು ಮೂರು ನಾಲ್ಕು ವರ್ಷ ಪದವಿಗೆ, ಎರಡು ವರ್ಷ ಸ್ನಾತಕೋತ್ತರ ವ್ಯಾಸಂಗಕ್ಕೆ, ಐದಾರು ವರ್ಷ ಸಂಶೋಧನೆಗೆ ಎಂದು ಸುಮಾರು ಹತ್ತು ವರ್ಷಗಳ ಹಾದಿಯನ್ನು ಸವೆಸಬೇಕು. ತಂದೆ ಹೋಟೆಲಿನಲ್ಲಿ ದುಡಿಯುತ್ತಿರುವ, ತಾಯಿ ಹೊಲಿಗೆಯಿಂದ ನಾಲ್ಕು ಕಾಸು ಕೂಡಿಸುತ್ತಿರುವ ಮನೆಯಲ್ಲಿ ‘ನಾನು ನಕ್ಷತ್ರಗಳನ್ನು ಕುರಿತು ಓದುತ್ತೇನೆ’ ಎಂದು ಮಗಳು ಹೇಳಿದರೆ, ‘ಅಲ್ಲಿಯವರೆಗೆ ಮನೆ ನಡೆಯುವುದು ಹೇಗೆ?’ ಎಂದು ತಂದೆ ಕೇಳುವುದು ಸಹಜವೇ ಆಗಿದೆ. ಆ ಪ್ರಶ್ನೆಯನ್ನು ವಿಜ್ಞಾನದ ಮೇಲಿನ ತಿರಸ್ಕಾರವೆಂದು ತಿಳಿಯಬಾರದು. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ನ್ಯಾಯವಾದ ಉತ್ತರ ಬೇಕು. ಆ ಉತ್ತರವೇ ವಿದ್ಯಾರ್ಥಿವೇತನ.

ಇಷ್ಟು ಸಣ್ಣ ಬುತ್ತಿಯಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ಒಂದು ಜೀವನವನ್ನು ನಿಮ್ಮ ಮುಂದೆ ಇಡುತ್ತೇನೆ. ಮೇಘನಾದ ಸಹಾರವರು 1893ರ ಅಕ್ಟೋಬರ್ 6ರಂದು ಢಾಕಾ ನಗರಕ್ಕೆ ಸಮೀಪದ ಸಿಯೋರಾತಲಿ ಎಂಬ ಹಳ್ಳಿಯಲ್ಲಿ ಒಬ್ಬ ಬಡ ಅಂಗಡಿಕಾರನ ಮಗನಾಗಿ ಹುಟ್ಟಿದರು. ಪ್ರಾಥಮಿಕ ಶಿಕ್ಷಣ ಮುಗಿದೊಡನೆ ಹುಡುಗನನ್ನು ಅಂಗಡಿಯಲ್ಲಿ ಕೂರಿಸಬೇಕೆಂದು ತಂದೆಯ ವಿಚಾರವಾಗಿತ್ತು. ಮುಂದಿನ ಶಾಲೆಯಿದ್ದುದು ಹಲವು ಮೈಲುಗಳಾಚೆಯ ಸಿಮುಲಿಯಾದಲ್ಲಿ. ಅಲ್ಲಿಯ ಅನಂತಕುಮಾರ ದಾಸರೆಂಬ ವೈದ್ಯರು ಹುಡುಗನಿಗೆ ಊಟವಸತಿಗಳನ್ನು ಕೊಟ್ಟರು. ಆದರೆ ಜಾತಿಯ ಕಟ್ಟಳೆಯ ಕಾಲ; ಉಂಡ ತಟ್ಟೆಯನ್ನು ಅವನೇ ತೊಳೆದಿಡಬೇಕಾಗಿತ್ತು, ಮನೆಯ ಹಸುವನ್ನೂ ನೋಡಿಕೊಳ್ಳಬೇಕಾಗಿತ್ತು. ಹುಡುಗನು ತಟ್ಟೆ ತೊಳೆದನು, ಹಸುವನ್ನು ನೋಡಿಕೊಂಡನು, ಕೊನೆಗೆ ಪರೀಕ್ಷೆಯಲ್ಲಿ ಇಡೀ ಢಾಕಾ ಜಿಲ್ಲೆಗೆ ಮೊದಲನೆಯವನಾದನು.

ಆಗ ಸಿಕ್ಕಿದ ಸರಕಾರಿ ವಿದ್ಯಾರ್ಥಿವೇತನ ತಿಂಗಳಿಗೆ 4 ರೂಪಾಯಿ. ಸೆಣಬಿನ ಗಿರಣಿಯಲ್ಲಿ ತಿಂಗಳಿಗೆ 20 ರೂಪಾಯಿ ಗಳಿಸುತ್ತಿದ್ದ ಅಣ್ಣ ಜಯನಾಥನು ಅದರಲ್ಲಿಯೇ 5 ರೂಪಾಯಿಗಳನ್ನು ಉಳಿಸಿ ಕಳುಹಿಸುತ್ತಿದ್ದನು. ಪೂರ್ವ ಬಂಗಾಳದ ವೈಶ್ಯ ಸಮಿತಿಯೊಂದು 2 ರೂಪಾಯಿ ಕೊಟ್ಟಿತು. ಒಟ್ಟು 11 ರೂಪಾಯಿಗಳಲ್ಲಿ ಆ ಬಾಲಕನು ಢಾಕಾ ನಗರದಲ್ಲಿ ವಿದ್ಯೆ ಕಲಿತನು. ಈ ಲೆಕ್ಕವನ್ನು ನೀವು ಗಮನಿಸಬೇಕು. ಸರಕಾರ, ಮನೆ, ಸಮಾಜ ಎಂಬ ಮೂವರೂ ಅದರಲ್ಲಿ ಪಾಲು ಹಾಕಿದ್ದಾರೆ. ಆ ಸಮಿತಿಯ 2 ರೂಪಾಯಿ ಬಹಳ ಸಣ್ಣ ಹಣ. ಆದರೆ 11ರಲ್ಲಿ 2ನ್ನು ಕಳೆದಿದ್ದರೆ ಆತನ ಓದು ನಿಲ್ಲುತ್ತಿತ್ತೋ ಏನೋ ಯಾರು ಬಲ್ಲರು? ಮುಂಬಯಿಯಲ್ಲಿ ನಮ್ಮ ಕನ್ನಡ ಸಂಘಗಳೂ ಸಮಾಜಗಳೂ ವರ್ಷವರ್ಷವೂ ಮಕ್ಕಳಿಗೆ ಹಂಚುವ ಚಿಕ್ಕಚಿಕ್ಕ ಮೊತ್ತಗಳನ್ನು ಕಂಡು ‘ಇಷ್ಟರಿಂದ ಏನಾದೀತು?’ ಎಂದು ಮೂಗು ಮುರಿಯುವವರು ಈ 2 ರೂಪಾಯಿಯನ್ನು ನೆನೆಯುವುದು ಒಳ್ಳೆಯದು.

ಆದರೆ ಕಥೆ ಸುಗಮವಾಗಿ ಸಾಗಲಿಲ್ಲ. 1905ರಲ್ಲಿ ಬಂಗಾಳದ ವಿಭಜನೆಯಾಯಿತು. ಗವರ್ನರ್ ಬ್ಯಾಂಫೀಲ್ಡ್ ಫುಲ್ಲರ್ ಶಾಲೆಗೆ ಭೇಟಿಯಿತ್ತಾಗ ಪ್ರತಿಭಟಿಸಿದ ವಿದ್ಯಾರ್ಥಿಗಳಲ್ಲಿ ಸಹಾರವರೂ ಒಬ್ಬರೆಂದು ಅವರನ್ನು ಸರಕಾರಿ ಶಾಲೆಯಿಂದ ಹೊರಗೆ ಹಾಕಿದರು, ವಿದ್ಯಾರ್ಥಿವೇತನವೂ ಹೋಯಿತು. ಕಿಶೋರಿಲಾಲ್ ಜುಬಿಲಿ ಶಾಲೆಯೆಂಬ ಖಾಸಗಿ ಶಾಲೆಯು ಆಶ್ರಯ ಕೊಟ್ಟಿತು. 1909ರ ಪ್ರವೇಶ ಪರೀಕ್ಷೆಯಲ್ಲಿ ಅವರು ಪೂರ್ವ ಬಂಗಾಳದ ವಿದ್ಯಾರ್ಥಿಗಳಲ್ಲೆಲ್ಲ ಮೊದಲಿಗರಾದರು. ಮುಂದೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸತ್ಯೇಂದ್ರನಾಥ ಬೋಸರ ಸಹಪಾಠಿಯಾಗಿ ಓದಿ, ತಾರೆಗಳ ಬೆಳಕಿನ ರೋಹಿತಗಳನ್ನು ಕುರಿತ ಪ್ರಬಂಧಕ್ಕಾಗಿ 1919ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ‘ಪ್ರೇಮಚಂದ ರಾಯಚಂದ ವಿದ್ಯಾರ್ಥಿವೇತನ’ವನ್ನು ಗಳಿಸಿದರು. ಇದರ ಮತ್ತು ಇನ್ನೊಂದು ಪ್ರವಾಸವೇತನದ ಬಲದಿಂದ ಅವರು ಯುರೋಪಿಗೆ ಹೋಗಿ ಲಂಡನ್ನಿನಲ್ಲಿ ಫೌಲರ್ ಎಂಬ ವಿದ್ವಾಂಸರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದರು.

ಈ ಪ್ರೇಮಚಂದ ರಾಯಚಂದರು ಯಾರು? ಬಂಗಾಳದವರಲ್ಲ, ನಮ್ಮ ಮುಂಬಯಿಯ ಹತ್ತಿಯ ವ್ಯಾಪಾರಿಗಳು. ಚರ್ಚ್‌ಗೇಟಿನಿಂದ ಫೋರ್ಟಿನ ಕಡೆಗೆ ನಡೆದು ಹೋಗುವಾಗ ಓವಲ್ ಮೈದಾನದ ಅಂಚಿನಲ್ಲಿ ವಿಶ್ವವಿದ್ಯಾನಿಲಯದ ಗಡಿಯಾರದ ಗೋಪುರವನ್ನು ನೀವೆಲ್ಲರೂ ಕಂಡಿದ್ದೀರಿ. 1878ರಲ್ಲಿ ಪೂರ್ಣವಾದ ಆ ಗೋಪುರಕ್ಕೆ ಹಣವನ್ನು ಕೊಟ್ಟವರು ಇವರೇ; ಅದಕ್ಕೆ ರಾಜಾಬಾಯಿ ಗೋಪುರವೆಂಬ ಹೆಸರು ಬಂದುದು ಇವರ ತಾಯಿಯಿಂದ. ಅವರು 1866ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ 2 ಲಕ್ಷ ರೂಪಾಯಿಗಳನ್ನು ದಾನವಾಗಿತ್ತರು. ಆ ಹಣವು 53 ವರ್ಷಗಳ ಬಳಿಕ, ದಾನಿಯು ಕಂಡು ಕೇಳದ ಹಳ್ಳಿಯ ಒಬ್ಬ ಯುವಕನನ್ನು ಸಮುದ್ರದಾಚೆಗೆ ಕಳುಹಿಸಿತು. ಗೋಪುರವನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಈ ಇನ್ನೊಂದು ದಾನವನ್ನು ನೆನೆಯುವವರು ಕಡಿಮೆ. ಎರಡರಲ್ಲಿ ಯಾವುದು ಹೆಚ್ಚು ಎತ್ತರವೆಂಬುದನ್ನು ನೀವೇ ನಿರ್ಣಯಿಸಿರಿ.

ಸಹಾರವರು ಕಂಡುಹಿಡಿದ ಸಮೀಕರಣವು 1920ರಲ್ಲಿ ಪ್ರಕಟವಾಯಿತು. ಕಾಯಿಸಿದ ಅನಿಲದಲ್ಲಿ ಎಷ್ಟು ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಕಳೆದುಕೊಂಡಿರುತ್ತವೆಂಬುದನ್ನು ಉಷ್ಣತೆ ಮತ್ತು ಒತ್ತಡಗಳಿಂದ ಲೆಕ್ಕ ಹಾಕಲು ಅದು ಕಲಿಸುತ್ತದೆ. ಅದುವರೆಗೆ ತಾರೆಗಳ ರೋಹಿತದಲ್ಲಿ ಕಾಣುವ ಕಪ್ಪು ಗೆರೆಗಳು ಗಾಢವಾಗಿದ್ದರೆ ಆ ಮೂಲವಸ್ತು ಅಲ್ಲಿ ಹೇರಳವಾಗಿದೆಯೆಂದು ಬಗೆಯುವ ವಾಡಿಕೆಯಿತ್ತು. ಗೆರೆಯ ಗಾಢತೆಯು ವಸ್ತುವಿನ ಪ್ರಮಾಣವನ್ನು ಮಾತ್ರವಲ್ಲ, ತಾರೆಯ ಉಷ್ಣತೆಯನ್ನೂ ಅವಲಂಬಿಸಿರುತ್ತದೆಂದು ಸಹಾರವರ ಸಮೀಕರಣವು ತೋರಿಸಿಕೊಟ್ಟಿತು. ತಾರೆಗಳ ಬೆಳಕು ಓದಬಹುದಾದ ಲಿಪಿಯಾಯಿತು.

ಆ ಲಿಪಿಯನ್ನು ಓದಿದವಳು ಇನ್ನೊಬ್ಬ ವಿದ್ಯಾರ್ಥಿವೇತನದ ಹುಡುಗಿ. ಇಂಗ್ಲೆಂಡಿನ ಸಿಸಿಲಿಯಾ ಪೇನ್ ನಾಲ್ಕು ವರ್ಷದವಳಿದ್ದಾಗ ತಂದೆಯನ್ನು ಕಳೆದುಕೊಂಡಳು. ತಾಯಿಯೊಬ್ಬಳೇ ಮೂವರು ಮಕ್ಕಳನ್ನು ಸಾಕಬೇಕಾಯಿತು. 1919ರಲ್ಲಿ ಕೇಂಬ್ರಿಜಿನ ನ್ಯೂನ್‌ಹ್ಯಾಂ ಕಾಲೇಜಿನ ವಿದ್ಯಾರ್ಥಿವೇತನ ದೊರೆತುದರಿಂದಲೇ ಆಕೆ ಪದವಿಯ ವ್ಯಾಸಂಗಕ್ಕೆ ಹೋಗುವಂತಾಯಿತು. ಅಲ್ಲಿ ಎಡಿಂಗ್ಟನ್‌ರವರು ಆ ವರ್ಷದ ಸೂರ್ಯಗ್ರಹಣದ ಯಾತ್ರೆಯನ್ನು ಕುರಿತು ಮಾಡಿದ ಉಪನ್ಯಾಸವನ್ನು ಕೇಳಿ, ಕೋಣೆಗೆ ಮರಳಿ ಅದನ್ನೆಲ್ಲ ನೆನಪಿನಿಂದ ಬರೆದಿಟ್ಟಳು. ಸಸ್ಯಶಾಸ್ತ್ರವನ್ನು ಬಿಟ್ಟು ಭೌತಶಾಸ್ತ್ರದ ಕಡೆಗೆ ತಿರುಗಿದಳು. ಓದು ಮುಗಿದರೂ ಕೇಂಬ್ರಿಜು ಆಕೆಗೆ ಪದವಿಯನ್ನು ಕೊಡಲಿಲ್ಲ. ಸ್ತ್ರೀಯರಿಗೆ ಪದವಿ ಕೊಡುವುದನ್ನು ಆ ವಿಶ್ವವಿದ್ಯಾನಿಲಯವು ಆರಂಭಿಸಿದುದು 1948ರಲ್ಲಿ. 1923ರಲ್ಲಿ ಮತ್ತೊಂದು ವೇತನದ ಆಧಾರದಿಂದ ಅಮೆರಿಕದ ಹಾರ್ವರ್ಡಿಗೆ ಹೋದ ಆಕೆ, ಸಹಾರವರ ಸಮೀಕರಣವನ್ನು ಕೈಯಲ್ಲಿ ಹಿಡಿದು ತಾರೆಗಳ ರೋಹಿತಗಳನ್ನು ಪರೀಕ್ಷಿಸಿದಳು. ತಾರೆಗಳಲ್ಲಿರುವುದು ಬಹುಮಟ್ಟಿಗೆ ಜಲಜನಕ ಮತ್ತು ಹೀಲಿಯಂ ಎಂಬ ಉತ್ತರ ಬಂದಿತು. 1925ರ ಆಕೆಯ ಪ್ರಬಂಧದಲ್ಲಿ ಅದು ಅಚ್ಚಾಗಿದೆ. ಹಿರಿಯ ವಿದ್ವಾಂಸರಾದ ರಸೆಲ್‌ರವರು ನಂಬದಿದ್ದುದರಿಂದ, ಆ ಫಲ ನಿಜವಿರಲಾರದೆಂದು ಆಕೆಯೇ ಅದರಲ್ಲಿ ಬರೆಯಬೇಕಾಯಿತು. 1929ರಲ್ಲಿ ರಸೆಲ್‌ರವರೇ ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬಂದು, ಆಕೆಯ ಫಲ ಸರಿಯೆಂದು ಒಪ್ಪಿದರು.

ಒಂದು ಸರಪಣಿಯನ್ನು ನೀವು ಇಲ್ಲಿ ಕಾಣುತ್ತೀರಿ. ಗಿರಣಿಯ ಅಣ್ಣನ 5 ರೂಪಾಯಿ, ಸಮಿತಿಯ 2 ರೂಪಾಯಿ, ಮುಂಬಯಿಯ ವ್ಯಾಪಾರಿಯ 2 ಲಕ್ಷ, ಕೇಂಬ್ರಿಜಿನ ಕಾಲೇಜೊಂದರ ವೇತನ—ಇವೆಲ್ಲವೂ ಸೇರಿ ಸೂರ್ಯನು ಯಾವುದರಿಂದ ಆಗಿದ್ದಾನೆಂಬ ತಿಳಿವು ಮನುಷ್ಯನಿಗೆ ದೊರೆಯಿತು. ಕೊಟ್ಟವರಲ್ಲಿ ಒಬ್ಬರಿಗಾದರೂ ಈ ಫಲ ಮುಂದಾಗಿ ತಿಳಿದಿರಲಿಲ್ಲ.

ದೊಡ್ಡ ವೇತನಗಳ ಮಾತಾಯಿತು. ಒಂದು ಸಣ್ಣ ಬಹುಮಾನದ ಮಾತನ್ನೂ ಹೇಳುತ್ತೇನೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿಗೆ ಓದುತ್ತಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರರು ಒಂದು ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದು, ಎಡಿಂಗ್ಟನ್‌ರವರು ತಾರೆಗಳ ಒಳರಚನೆಯನ್ನು ಕುರಿತು ಬರೆದ ಗ್ರಂಥವನ್ನು ಬಹುಮಾನವಾಗಿ ಪಡೆದರು. ಬೆಳ್ಳಿಯ ಬಟ್ಟಲಲ್ಲ, ಒಂದು ಪುಸ್ತಕ. 1930ರಲ್ಲಿ ಅವರಿಗೆ ಇಂಗ್ಲೆಂಡಿನಲ್ಲಿ ಓದಲು ಭಾರತ ಸರಕಾರದ ವಿದ್ಯಾರ್ಥಿವೇತನ ದೊರೆಯಿತು. ತಾಯಿ ಆಗ ಕಾಯಿಲೆಯಿಂದ ಮಲಗಿದ್ದರು. ಆದರೂ ಮಗ ಹೋಗಲೇಬೇಕೆಂದು ಅವರೇ ಒತ್ತಾಯಪಡಿಸಿದರು. ಆ ವರ್ಷದ ಜುಲೈ 31ರಂದು, ಹತ್ತೊಂಬತ್ತು ವಯಸ್ಸಿನ ಆ ತರುಣರು ನಮ್ಮ ಈ ಮುಂಬಯಿಯ ಬಂದರಿನಿಂದಲೇ ಹಡಗನ್ನೇರಿದರು. ಹಡಗಿನಲ್ಲಿ ಲೆಕ್ಕ ಹಾಕುತ್ತ ಕುಳಿತವರಿಗೆ, ಶ್ವೇತಕುಬ್ಜವೆಂಬ ಜಾತಿಯ ತಾರೆಯ ತೂಕಕ್ಕೆ ಒಂದು ಮಿತಿಯಿದೆಯೆಂದು ಹೊಳೆಯಿತು. ಸೂರ್ಯನ ಸುಮಾರು 1.4ರಷ್ಟು ತೂಕವೆಂದು ಇಂದು ಎಣಿಸಲಾಗುವ ಆ ಮಿತಿಗೆ ಅವರದೇ ಹೆಸರಿದೆ. 1983ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ತಾಯಿ ಮಾತ್ರ 1931ರಲ್ಲಿಯೇ ತೀರಿಕೊಂಡಿದ್ದರು. ಬುತ್ತಿ ಕಟ್ಟಿಕೊಟ್ಟವರು ಪಯಣದ ಕೊನೆಯನ್ನು ನೋಡಲು ಇರುತ್ತಾರೆಂಬ ಭರವಸೆಯಿಲ್ಲ.

ಇನ್ನು ಇಂದಿನ ಮಾತಿಗೆ ಬರೋಣ. ನಮ್ಮ ದೇಶದಲ್ಲಿ ಪದವಿಯ ಮಟ್ಟದ ವಿಜ್ಞಾನ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2008ರಲ್ಲಿ ‘ಇನ್‌ಸ್ಪೈರ್’ ಎಂಬ ಯೋಜನೆಯನ್ನು ಆರಂಭಿಸಿತು. ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ತಮ್ಮ ಮಂಡಲಿಯ ಮೇಲಿನ ಶೇಕಡ 1ರೊಳಗೆ ಬಂದು, ಭೌತಶಾಸ್ತ್ರ, ಖಗೋಳಶಾಸ್ತ್ರ ಮೊದಲಾದ ಮೂಲವಿಜ್ಞಾನಗಳಲ್ಲಿ ಪದವಿಗೆ ಸೇರುವವರಿಗೆ ಅದು ವರ್ಷಕ್ಕೆ 80,000 ರೂಪಾಯಿಗಳನ್ನು ಗೊತ್ತುಪಡಿಸಿತು. ಅದರಲ್ಲಿ 60,000 ವಿದ್ಯಾರ್ಥಿಯ ಕೈಗೆ. 20,000 ಬೇಸಗೆಯಲ್ಲಿ ಒಬ್ಬ ವಿಜ್ಞಾನಿಯ ಕೈಕೆಳಗೆ ಸಂಶೋಧನೆಯ ಕೆಲಸ ಕಲಿಯುವುದಕ್ಕೆ. ಭಾರತೀಯ ಭೌತಶಾಸ್ತ್ರ ಅಧ್ಯಾಪಕರ ಸಂಘವು ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆಂದೇ ರಾಷ್ಟ್ರಮಟ್ಟದ ಭೌತಶಾಸ್ತ್ರ ಪರೀಕ್ಷೆಯನ್ನು ನಡೆಸುತ್ತ ಬಂದಿದೆ. ಮೇಲಿನ ಸ್ಥಾನದವರು ಪ್ರಯೋಗದಲ್ಲಿಯೂ ತಮ್ಮ ಕೈಚಳಕವನ್ನು ತೋರಿಸಬೇಕಾಗುತ್ತದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಬೇಸಗೆಯ ಸಂಶೋಧನವೇತನವನ್ನು ಕೊಡುತ್ತವೆ. ನಮ್ಮ ಮಾನಖುರ್ದಿನಲ್ಲಿಯೇ 1974ರಲ್ಲಿ ಸ್ಥಾಪಿತವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. ಅದು 2004ರಲ್ಲಿ ಪದವಿ ವಿದ್ಯಾರ್ಥಿಗಳನ್ನು ರಜೆಯಲ್ಲಿ ಕರೆದು ನಿಜವಾದ ಸಂಶೋಧನೆಯಲ್ಲಿ ತೊಡಗಿಸುವ ಕಾರ್ಯಕ್ರಮವನ್ನು ಆರಂಭಿಸಿತು. ಲೋಕಲ್ ರೈಲಿನಲ್ಲಿ ತಲುಪಬಹುದಾದ ದೂರದಲ್ಲಿ ಇಂಥ ಸಂಸ್ಥೆಯಿರುವ ಭಾಗ್ಯ ಎಲ್ಲ ಊರಿನ ಮಕ್ಕಳಿಗೂ ಇಲ್ಲ. ಯೋಜನೆಗಳ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಮಾತ್ರ ನಂಬಬೇಕು.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಮಂಗಳ ಗ್ರಹವು ಆಕಾಶದಲ್ಲಿ ಕೆಲವು ಕಾಲ ಹಿಂದಕ್ಕೆ ನಡೆಯುವಂತೆ ತೋರುವುದೇಕೆಂದು ಕೇಳಿ, ನಾನು ಕೊಟ್ಟ ಉತ್ತರದಿಂದ ತೃಪ್ತನಾಗದೆ, ಮರುದಿನ ಎರಡು ಬಳಪದ ತುಂಡುಗಳನ್ನು ಮೇಜಿನ ಮೇಲೆ ಸುತ್ತಿಸುತ್ತ ತಾನೇ ಅದನ್ನು ಬಿಡಿಸಿ ತೋರಿಸಿದವನು. ಹನ್ನೆರಡನೆಯ ತರಗತಿಯಲ್ಲಿ ಅವನಿಗೆ ಬಂದ ಅಂಕಗಳು ಆ ವರ್ಷ ವೇತನಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿದ್ದುವು. ಅದು ನನಗೆ ತಿಳಿದುದು, ಅವನು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ, ಅರ್ಜಿಯ ಅವಧಿ ಮುಗಿದ ಮೇಲೆ ನನ್ನನ್ನು ನೋಡಲು ಬಂದಾಗ. ‘ಇಂಥದೊಂದು ಇದೆಯೆಂದು ನನಗೆ ಗೊತ್ತಿರಲಿಲ್ಲ, ಸರ್’ ಎಂದನು. ಲೆಕ್ಕ ಬರೆಯುವುದು ಹೀನವಾದ ಕೆಲಸವಲ್ಲ; ಅವನು ಅದನ್ನು ಚೆನ್ನಾಗಿಯೇ ಮಾಡುತ್ತಿದ್ದಾನೆ. ಆದರೆ ಅವನು ಅದನ್ನು ಆರಿಸಿಕೊಳ್ಳಲಿಲ್ಲ. ಬೇರೆಯದು ಕಾಣದೆ ಅದಕ್ಕೆ ಹೋದನು. ಹೇಳಬೇಕಾಗಿದ್ದವನು ನಾನು ಹೇಳಿರಲಿಲ್ಲ. ಈ ಲೇಖನವನ್ನು ನಾನು ಬರೆಯುತ್ತಿರುವುದಕ್ಕೆ ಆ ಹುಡುಗನೇ ಕಾರಣ.

ವೇತನಗಳನ್ನು ಕೊಡುವ ರೀತಿಯ ವಿಷಯವಾಗಿಯೂ ಒಂದು ಮಾತು ಹೇಳದೆ ಇರಲಾರೆ. 1963ರಲ್ಲಿ ದೆಹಲಿಯಲ್ಲಿ 10 ವೇತನಗಳಿಂದ ಆರಂಭವಾಗಿ, ಮರುವರ್ಷವೇ ದೇಶಕ್ಕೆಲ್ಲ ಹರಡಿ 350 ವೇತನಗಳಾದ ರಾಷ್ಟ್ರೀಯ ವಿಜ್ಞಾನ ಪ್ರತಿಭಾನ್ವೇಷಣೆಯು ಮುಂದೆ ಎಲ್ಲ ವಿಷಯಗಳಿಗೂ ವಿಸ್ತರಿಸಿತು. ಆದರೆ 2021ರಲ್ಲಿ ಅದನ್ನು ತಡೆಹಿಡಿಯಲಾಯಿತು. 1999ರಲ್ಲಿ ಆರಂಭವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಮೂಲಕ ನಡೆಯುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯೂ 2022ರಲ್ಲಿ ಇನ್‌ಸ್ಪೈರ್ ಯೋಜನೆಯಲ್ಲಿ ಲೀನವಾಯಿತು. ಅದರಲ್ಲಿ ಆರಿಸಲ್ಪಟ್ಟವರಿಗೆ ಪದವಿಯ ಮೂರು ವರ್ಷಗಳಲ್ಲಿ ತಿಂಗಳಿಗೆ 5,000 ರೂಪಾಯಿ ಸಿಗುತ್ತಿತ್ತು. ಪ್ರತ್ಯೇಕ ಪರೀಕ್ಷೆಯಿತ್ತು, ಬಹುಕಾಲ ಸಂದರ್ಶನವೂ ಇತ್ತು. ವಾರ್ಷಿಕ ಪರೀಕ್ಷೆಯಲ್ಲಿ ಭಾಷೆಯ ಪತ್ರಿಕೆಯೊಂದರಲ್ಲಿ ಎಡವಿದ ಹುಡುಗಿಯೂ ಭೌತಶಾಸ್ತ್ರದ ಪ್ರಶ್ನೆಯನ್ನು ಸ್ವತಂತ್ರವಾಗಿ ಆಲೋಚಿಸಬಲ್ಲಳೆಂಬುದನ್ನು ತೋರಿಸಲು ಅಲ್ಲಿ ಅವಕಾಶವಿತ್ತು. ಅಂಕಗಳ ಶೇಕಡ 1 ಎಂಬ ಅಳತೆ ಸುಲಭವಾದುದು, ಪಕ್ಷಪಾತವಿಲ್ಲದುದು, ಅದು ಇರಲಿ. ಆದರೆ ಅದೊಂದೇ ಇರಬಾರದು. ಎರಡು ಬಳಪದ ತುಂಡುಗಳಿಂದ ಮಂಗಳನ ದಾರಿಯನ್ನು ಬಿಡಿಸುವ ಬುದ್ಧಿಯನ್ನು ಅಳೆಯುವ ಕೋಲು ಅಂಕಪಟ್ಟಿಯಲ್ಲಿಲ್ಲ. ಎರಡು ಬಾಗಿಲುಗಳನ್ನು ಮುಚ್ಚಿದ ಮೇಲೆ ಅವುಗಳ ಸ್ಥಾನದಲ್ಲಿ ಅಂಥದೇ ಬೇರೊಂದನ್ನು ತೆರೆಯುವುದು ಸರಕಾರದ ಕರ್ತವ್ಯವೆಂದು ನನ್ನ ದೃಢವಾದ ಅಭಿಪ್ರಾಯ.

‘ಇದೆಲ್ಲ ಇಂಗ್ಲಿಷ್ ಮಾಧ್ಯಮದವರಿಗೆ, ನಾವು ಕನ್ನಡ ಶಾಲೆಯವರು’ ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರಬಹುದು. ಕಾಲೇಜಿನಲ್ಲಿ ಪಾಠಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ, ಅರ್ಜಿಗಳೂ ಇಂಗ್ಲಿಷಿನಲ್ಲಿಯೇ ಇರುತ್ತವೆಂಬುದು ನಿಜ. ಆದರೆ ಒಂದು ಸಂಗತಿಯನ್ನು ತಿಳಿಯಿರಿ. ಶಾಲಾವಿದ್ಯಾರ್ಥಿಗಳಿಗಾಗಿ ವರ್ಷವರ್ಷವೂ ನಡೆಯುವ ಅಂತರರಾಷ್ಟ್ರೀಯ ಭೌತಶಾಸ್ತ್ರ ಒಲಿಂಪಿಯಾಡಿನಲ್ಲಿ ಆಯಾ ದೇಶದ ಅಧ್ಯಾಪಕರು ಪ್ರಶ್ನೆಪತ್ರಿಕೆಯನ್ನು ರಾತ್ರಿಯೆಲ್ಲ ಕುಳಿತು ತಮ್ಮ ಮಕ್ಕಳ ಭಾಷೆಗೆ ಅನುವಾದಿಸುತ್ತಾರೆ. ಮಕ್ಕಳು ತಮ್ಮ ಭಾಷೆಯಲ್ಲಿಯೇ ಉತ್ತರ ಬರೆಯಬಹುದು. ಆ ಒಲಿಂಪಿಯಾಡು 2015ರಲ್ಲಿ ನಮ್ಮ ಮುಂಬಯಿಯಲ್ಲಿ ನಡೆಯಿತು. ಖಗೋಳಶಾಸ್ತ್ರದ ಒಲಿಂಪಿಯಾಡು 2025ರ ಆಗಸ್ಟಿನಲ್ಲಿ ಇಲ್ಲಿಯೇ ನಡೆಯಿತು. ಜಗತ್ತಿನ ಅತ್ಯಂತ ಕಠಿಣವಾದ ಪರೀಕ್ಷೆಗಳೇ ಭಾಷೆಯನ್ನು ಅಡ್ಡಿಯೆಂದು ಎಣಿಸದೆ ಇರುವಾಗ ನೀವೇಕೆ ಅದನ್ನು ಅಡ್ಡಿಯೆಂದು ಎಣಿಸಬೇಕು? ತಾಯ್ನುಡಿಯಲ್ಲಿ ತಿಳಿದುಕೊಂಡವನು ಬೇರು ಗಟ್ಟಿಯಾದ ಗಿಡದಂತೆ. ಬೇರೆಯ ಪಾತಿಗೆ ಕಿತ್ತು ನೆಟ್ಟರೆ ನಾಲ್ಕು ದಿನ ಬಾಡಬಹುದು, ಬಳಿಕ ಚಿಗುರುತ್ತದೆ. ಆ ನಾಲ್ಕು ದಿನಗಳನ್ನು ಕಡಿಮೆ ಮಾಡಲು ಎಂಟನೆಯ ತರಗತಿಯಿಂದಲೇ ಒಂದು ಟಿಪ್ಪಣಿ ಪುಸ್ತಕವಿಟ್ಟು, ವೇಗ, ವೇಗೋತ್ಕರ್ಷ, ಗುರುತ್ವ, ರೋಹಿತ ಎಂಬ ಪದಗಳ ಎದುರಿಗೆ ಅವುಗಳ ಇಂಗ್ಲಿಷ್ ಪದಗಳನ್ನು ಬರೆಯುತ್ತ ಹೋಗಿರಿ. ಮೂರು ವರ್ಷಗಳಲ್ಲಿ ಆ ಪುಸ್ತಕವೇ ನಿಮ್ಮ ಸೇತುವೆಯಾಗುತ್ತದೆ.

ನಾಚಿಕೆಯ ಮಾತಿಗೂ ಉತ್ತರ ಹೇಳುತ್ತೇನೆ. ಐಸಾಕ್ ನ್ಯೂಟನ್‌ರವರು 1661ರಲ್ಲಿ ಕೇಂಬ್ರಿಜಿನ ಟ್ರಿನಿಟಿ ಕಾಲೇಜಿಗೆ ಸೇರಿದಾಗ, ಸೇವೆ ಮಾಡಿ ತಮ್ಮ ಖರ್ಚನ್ನು ನೀಗಿಸಿಕೊಳ್ಳುವ ವರ್ಗದ ವಿದ್ಯಾರ್ಥಿಯಾಗಿ ಸೇರಿದರು. 1664ರಲ್ಲಿ ಆ ಕಾಲೇಜಿನ ವಿದ್ಯಾರ್ಥಿವೇತನಕ್ಕೆ ಅವರು ಆಯ್ಕೆಯಾದರು. ಅರ್ಜಿಯ ಮೇಲೆ ತಂದೆಯ ಆದಾಯವನ್ನು ಬರೆಯುವಾಗ ನಿಮ್ಮ ಕೈ ತಡೆದರೆ, ಸೇವೆ ಮಾಡಿದ ನ್ಯೂಟನ್‌ರನ್ನೂ ತಟ್ಟೆ ತೊಳೆದ ಸಹಾರವರನ್ನೂ ನೆನೆದುಕೊಳ್ಳಿರಿ. ಈ ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಮುಂದೆ ಬಂದ ನಮ್ಮ ಹಿರಿಯರನ್ನೂ ನೆನೆದುಕೊಳ್ಳಿರಿ. ಅವರಾರೂ ತಮ್ಮ ಬಡತನವನ್ನು ಮುಚ್ಚಿಟ್ಟು ದೊಡ್ಡವರಾದವರಲ್ಲ.

ಹಾಗೆಂದು ಪದಕದ ಮೇಲೆಯೇ ಕಣ್ಣಿಟ್ಟು ಓದಬೇಡಿರಿ. ಬಹುಮಾನಗಳು ಯೋಗ್ಯರಿಗೆ ಬರುವುದುಂಟು, ಯೋಗ್ಯರನ್ನು ದಾಟಿ ಹೋಗುವುದೂ ಉಂಟು. ಉತ್ತರ ಐರ್ಲೆಂಡಿನ ಜೋಸಲಿನ್ ಬೆಲ್ ಎಂಬ ಹುಡುಗಿ ಹನ್ನೊಂದನೆಯ ವಯಸ್ಸಿನಲ್ಲಿ, ಮುಂದಿನ ಶಾಲೆಯನ್ನು ನಿರ್ಣಯಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಆದರೂ ಓದು ಬಿಡದೆ 1965ರಲ್ಲಿ ಗ್ಲಾಸ್ಗೋದಲ್ಲಿ ಭೌತಶಾಸ್ತ್ರದ ಪದವಿ ಪಡೆದು ಕೇಂಬ್ರಿಜಿಗೆ ಸಂಶೋಧನೆಗೆ ಹೋದಳು. ಅಲ್ಲಿ ರೇಡಿಯೋ ದೂರದರ್ಶಕಕ್ಕಾಗಿ ಕಂಬ ಹುಗಿದು ತಂತಿ ಕಟ್ಟಿ, ಬಳಿಕ ದಿನಕ್ಕೆ ಸುಮಾರು 100 ಅಡಿಗಳಷ್ಟು ಉದ್ದ ಬರುತ್ತಿದ್ದ ಗೀರುಕಾಗದವನ್ನು ಕಣ್ಣಿನಿಂದಲೇ ಪರೀಕ್ಷಿಸುತ್ತ, 1967ರಲ್ಲಿ ಅದರ ಮೇಲೆ ಒಂದು ವಿಚಿತ್ರವಾದ ಸಣ್ಣ ಗುರುತನ್ನು ಕಂಡಳು. 1.34 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುತ್ತಿದ್ದ ಆ ಗುರುತು ‘ಪಲ್ಸಾರ್’ ಎಂಬ ಹೊಸ ಬಗೆಯ ತಾರೆಯದಾಗಿತ್ತು. 1974ರಲ್ಲಿ ಆ ಶೋಧಕ್ಕೆ ಸಂಬಂಧಿಸಿದ ನೊಬೆಲ್ ಪಾರಿತೋಷಕವು ಆಕೆಯ ಗುರುಗಳಿಗೆ ಬಂದಿತು, ಆಕೆಗೆ ಬರಲಿಲ್ಲ. ಆಕೆ ಕೊರಗದೆ ಕೆಲಸವನ್ನು ಮುಂದುವರಿಸಿದರು.

ಕೊನೆಗೆ 2018ರಲ್ಲಿ ಅವರಿಗೆ 30 ಲಕ್ಷ ಡಾಲರುಗಳ ಒಂದು ವಿಶೇಷ ಬಹುಮಾನ ಬಂದಿತು. ಅವರು ಅದನ್ನು ತಮಗಾಗಿ ಇಟ್ಟುಕೊಳ್ಳಲಿಲ್ಲ. ಬ್ರಿಟನ್ನಿನ ಭೌತಶಾಸ್ತ್ರ ಸಂಸ್ಥೆಯ ಕೈಗೆ ಅದೆಲ್ಲವನ್ನೂ ಒಪ್ಪಿಸಿ, ಇದುವರೆಗೆ ಭೌತಶಾಸ್ತ್ರದಲ್ಲಿ ಅವಕಾಶ ದೊರೆಯದ ವರ್ಗಗಳ ಸಂಶೋಧನ ವಿದ್ಯಾರ್ಥಿಗಳಿಗೆ ವೇತನ ಕೊಡುವ ನಿಧಿಯನ್ನು ಮಾಡಿದರು. ಬಹಳ ತಡವಾಗಿ ಕೊರಳಿಗೆ ಬಂದ ಮಾಲೆಯನ್ನು ಬಿಚ್ಚಿ, ಅವರು ಅದನ್ನು ಮುಂದಿನವರ ಬುತ್ತಿಯನ್ನಾಗಿ ಕಟ್ಟಿದರು.

ಆದುದರಿಂದ, ಮಿತ್ರರೇ, ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ನಕ್ಷತ್ರಗಳನ್ನೋ ಅಣುಗಳನ್ನೋ ಕುರಿತು ನಿಮಗೆ ನಿಜವಾದ ಕುತೂಹಲವಿದ್ದರೆ, ಹಣವಿಲ್ಲವೆಂದು ಮೊದಲೇ ಕೈ ಚೆಲ್ಲಬೇಡಿರಿ. ಯಾವ ವೇತನಕ್ಕೆ ಎಂದು ಅರ್ಜಿ ಹಾಕಬೇಕು, ಕೊನೆಯ ದಿನ ಯಾವುದು ಎಂದು ನಿಮ್ಮ ಅಧ್ಯಾಪಕರನ್ನು ಕೇಳಿರಿ. ಅವರು ಮರೆತಿದ್ದರೆ ಮತ್ತೆ ಕೇಳಿರಿ. ಮನೆಯಲ್ಲಿ ತಂದೆತಾಯಿಗಳೊಡನೆ ಕುಳಿತು, ಮೇಘನಾದ ಸಹಾರವರ 11 ರೂಪಾಯಿಗಳಂತೆ, ಇಷ್ಟು ಸರಕಾರದಿಂದ, ಇಷ್ಟು ಮನೆಯಿಂದ, ಇಷ್ಟು ಸಮಾಜದಿಂದ ಎಂದು ಒಂದು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿರಿ. ಲೆಕ್ಕವನ್ನು ಕಂಡರೆ ಹಿರಿಯರ ಅಂಜಿಕೆ ಅರ್ಧ ಕಡಿಮೆಯಾಗುತ್ತದೆ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಮಾತು: ನಿಮ್ಮ 2 ರೂಪಾಯಿಯನ್ನು ಸಣ್ಣದೆಂದು ತಿಳಿಯಬೇಡಿರಿ.

ಆ ಲೆಕ್ಕ ಬರೆಯುವ ಹುಡುಗನ ತಂಗಿ ಈ ವರ್ಷ ನಮ್ಮ ಹತ್ತನೆಯ ತರಗತಿಯಲ್ಲಿದ್ದಾಳೆ. ಅರ್ಜಿಗಳ ತಾರೀಖುಗಳನ್ನು ಬರೆದ ಪಟ್ಟಿಯೊಂದನ್ನು ನಾನು ಪ್ರಯೋಗಶಾಲೆಯ ಬಾಗಿಲಿಗೆ ಅಂಟಿಸಿದ್ದೇನೆ. ಆಕೆ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾಳೆ. ಉಳಿದವರೂ ಬರೆದುಕೊಳ್ಳಲಿ.